ಗಂಡು ಗಿಡವನ್ನು ಹೆದರಿಸಿದ್ದು

ಹೂ ಕಂಡರೆ ಮೂಸುವವರಿದ್ದಾರೆ, ಮುಡಿಯುವವರಿದ್ದಾರೆ, ಈಗೀಗ ಫೋನು ಹಿಡಿದು ಫೋಟೋ ತೆಗೆಯುವವರೇ ಹೆಚ್ಚು. ನಾನು ಅದರ ಬುಡ ನೋಡುತ್ತೇನೆ. ಎರಡು ಬೆರಳಲ್ಲಿ ಹೂವನ್ನು ಎತ್ತಿ, ಕೆಳಗೆ ಕಾಯಿಯ ಪುಟ್ಟ ಗಂಟು ಉಂಟೋ ಇಲ್ಲವೋ ಎಂದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಗಂಟು ಇದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು. ಇತ್ತೀಚೆಗೆ ಇಲ್ಲಿ ಬಹರೈನಿನ ಹೋಟೆಲೊಂದರಲ್ಲಿ ನಮ್ಮವರದೇ ಮದುವೆಯ ಊಟ. ಮಾತಾಡುತ್ತ ಮಾತಾಡುತ್ತ ಮದುಮಗಳ ಕೈಯ ಹೂಗುಚ್ಛವನ್ನು ತಲೆಕೆಳಗು ಮಾಡಿ ನೋಡುತ್ತಿದ್ದೆನಂತೆ. ಮಗಳು ಲವೀನಾ ನನ್ನ ಮೊಣಕೈ ಹಿಡಿದು ಎಳೆದಳು.

"ಅಮ್ಮಾ, ಬಿಡು. ಅದು ಪ್ಲಾಸ್ಟಿಕ್."

ಪುಣ್ಯವಂತ ಹೂ. ಅದಕ್ಕೆ ಈ ತಾಪತ್ರಯವೇ ಇಲ್ಲ.

ಈ ಚಾಳಿ ನನಗೆ ಬಂದದ್ದು ಅಮ್ಮನಿಂದ. ಕಿನ್ನಿಗೋಳಿ ಕಡೆಯ ನಮ್ಮ ಹಿತ್ತಿಲಲ್ಲಿ ಕುಂಬಳದ ಬಳ್ಳಿ ಹಬ್ಬಿತೆಂದರೆ, ಬೆಳಿಗ್ಗೆ ಎದ್ದು ಅವಳು ಮಾಡುತ್ತಿದ್ದ ಮೊದಲ ಕೆಲಸ ಪ್ರಾರ್ಥನೆಯಲ್ಲ, ಮದುವೆ. ಗಂಡು ಹೂವನ್ನು ಕಿತ್ತು, ಎಸಳು ಹರಿದು ಬಿಸಾಡಿ, ಒಳಗಿನ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ತಿರುವುತ್ತಿದ್ದಳು. ನಾವು ಮಕ್ಕಳು ಬಾಯಿ ಬಿಟ್ಟು ನಿಂತರೆ "ಎಂತ ನೋಡ್ತೀರಿ? ಹೋಗಿ ಹಲ್ಲುಜ್ಜಿ" ಎಂದು ಗದರುವಳು. ಮರ್ಯಾದೆಯ ವಿಷಯದಲ್ಲಿ ಅಮ್ಮ ಬಹಳ ಬಿಗಿ. ಆದರೆ ಕುಂಬಳಕ್ಕೆ ಮರ್ಯಾದೆ ನೋಡಿದರೆ ಸಾರಿಗೆ ಏನು ಹಾಕುವುದು?

ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೆಯ ಕ್ಲಾಸಿನವರೆಗೆ. ಆ ನಾಲ್ಕು ಕ್ಲಾಸಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಜ್ಞಾನೋಪದೇಶದ ಕ್ಲಾಸಿನಲ್ಲಿ ಸಿಸ್ಟರು ಸಂತ ಜೋಸೆಫರ ಚಿತ್ರ ತೋರಿಸಿ, ಕೈಯಲ್ಲಿರುವ ಬಿಳಿ ಲಿಲ್ಲಿ ಹೂ ಶುದ್ಧತೆಯ ಗುರುತು ಎಂದರು. ನಾನು ಎದ್ದು ನಿಂತು ಅದು ಗಂಡು ಹೂವೋ ಹೆಣ್ಣು ಹೂವೋ ಎಂದೆ. ಸಿಸ್ಟರ ಬೆತ್ತದಲ್ಲಿ ಉತ್ತರವಿತ್ತು. ಲಿಲ್ಲಿಯಲ್ಲಿ ಎರಡೂ ಒಂದೇ ಹೂವಿನೊಳಗೆ ಇರುತ್ತವೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟು ಹೇಳಿದ್ದರೆ ಆಗುತ್ತಿತ್ತು, ಒಂದು ಬೆತ್ತ ಉಳಿಯುತ್ತಿತ್ತು.

ಇನ್ನೊಂದು ವಿದ್ಯೆಯೂ ನಮ್ಮ ಕಡೆ ಉಂಟು. ಹೂ ಬಿಟ್ಟೂ ಕಾಯಿ ಕಟ್ಟದ ಮರವನ್ನು ಹೆದರಿಸುವುದು. ನಮ್ಮ ಹಲಸಿನ ಮರ ಹಾಗೆ ಸತಾಯಿಸಿದಾಗ ಸೋದರಮಾವ ಕತ್ತಿ ಮಸೆದುಕೊಂಡು ಬುಡದಲ್ಲಿ ನಿಂತು "ಇವತ್ತು ಕಡಿದೇ ಸಿದ್ಧ" ಎಂದು ಕೂಗಿದ. ಅಮ್ಮ ಅಡ್ಡ ನಿಂತು "ಬೇಡ ಮಾರಾಯ, ಬರುವ ವರ್ಷ ಕೊಡ್ತದೆ" ಎಂದು ಮರದ ಪರವಾಗಿ ಅಂಗಲಾಚಿದಳು. ಮರಕ್ಕೆ ಕೇಳಬೇಕಲ್ಲ, ಅದಕ್ಕೆ ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಮರುವರ್ಷ ಮರ ಬುಡದಿಂದಲೇ ಕಾಯಿ ಬಿಟ್ಟಿತು. ಆ ಮಾವನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಅವನ ಬುಡದಲ್ಲಿ ಮಾತ್ರ ಯಾರೂ ಕತ್ತಿ ಹಿಡಿದು ನಿಲ್ಲಲಿಲ್ಲ. ಅತ್ತೆಗೇ ಕಷಾಯ ಕುಡಿಸಿದರು.

ಇರಲಿ. ಈಗ ನಾನು ಇರುವುದು ಬಹರೈನಿನಲ್ಲಿ, ಉಮ್ ಅಲ್ ಹಸ್ಸಮ್‌ನ ಒಂದು ಹಳೆಯ ಕಟ್ಟಡದಲ್ಲಿ, ಮಗಳ ಮನೆಯಲ್ಲಿ. ಲವೀನಾ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಏಸಿ ಇಬ್ಬರೇ ಗುರುಗುಟ್ಟುತ್ತಿರುತ್ತೇವೆ. ಅದಕ್ಕೆ ತಾರಸಿಯಲ್ಲಿ ನೀರಿನ ಟ್ಯಾಂಕಿಯ ನೆರಳಿಗೆ ಪೇಂಟಿನ ಡಬ್ಬ, ಎಣ್ಣೆ ಟಿನ್ನು ಇಟ್ಟು ಬಸಳೆ, ಬೆಂಡೆ ಮಾಡಿದ್ದೇನೆ. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು ಅದಕ್ಕೇ ಹಾಕುವುದು. ಬೇಸಿಗೆಯಲ್ಲಿ ನಲ್ಲಿ ನೀರು ಹಾಕಿದರೆ ಗಿಡ ಬೇಯುತ್ತದೆ, ಪಲ್ಯಕ್ಕೆ ಒಗ್ಗರಣೆ ಕೊಟ್ಟರೆ ಸಾಕು.

ಮೊಮ್ಮಗಳ ಹತ್ತಿರ ಎರಡು ಲವ್‌ಬರ್ಡ್ಸ್ ಉಂಟು. ಊರಿಗೆ ವಾಪಸು ಹೋಗುವ ಯಾರೋ, ಪಂಜರ, ಹಕ್ಕಿ, ಕಾಳಿನ ಚೀಲ ಎಲ್ಲ ಒಟ್ಟಿಗೆ ಇವಳಿಗೆ ಕೊಟ್ಟು ವಿಮಾನ ಹತ್ತಿದರು. ಹೆಸರು ಲವ್. ಇಡೀ ದಿನ ಜಗಳ. ಅವು ಉದುರಿಸಿದ ಕಾಳು, ಹೊಟ್ಟು, ಹಿಕ್ಕೆಯನ್ನು ಗುಡಿಸಿ ನಾನು ಗೊಬ್ಬರವೆಂದು ಡಬ್ಬಗಳಿಗೆ ಹಾಕುತ್ತಿದ್ದೆ. ಒಂದು ಡಬ್ಬದಲ್ಲಿ ನಾನು ನೆಡದ ಗಿಡವೊಂದು ಎದ್ದಿತು. ಎಲೆ ಬೆರಳು ಬೆರಳಾಗಿ, ಅಂಚು ಗರಗಸದ ಹಾಗೆ. ಗೊಂಡೆ, ಅದೇ ಚೆಂಡುಹೂವಿನ ಗಿಡದ ದೊಡ್ಡಣ್ಣ ಎಂದುಕೊಂಡೆ. ನನಗೆ ಗೊಂಡೆ ಬೇಕಿತ್ತು ಕೂಡ. ಸೆಪ್ಟೆಂಬರಿನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ದಿನಾ ಬಾಲೆ ಮರಿಯಮ್ಮನ ಮೂರ್ತಿಗೆ ಹೂ ಹಾಕಬೇಕು. ಊರಲ್ಲಾದರೆ ಬೇಲಿಯ ಹೂವೆಲ್ಲ ಬುಟ್ಟಿಗೆ. ಇಲ್ಲಿ ಆ ಉರಿಯಲ್ಲಿ ಬೇಲಿಯೂ ಇಲ್ಲ, ಹೂವೂ ಇಲ್ಲ. ಗೊಂಡೆಯ ಆಸೆಗೆ ಅದಕ್ಕೆ ಏಸಿ ನೀರಿನಲ್ಲಿ ಎರಡು ಪಾಲು ಕೊಟ್ಟೆ.

ಗಿಡ ನನ್ನ ಎದೆಮಟ್ಟ ಬಂತು. ಗೊಂಡೆ ಬರಲಿಲ್ಲ. ಬಂದದ್ದು ಹಸಿರು ಸಾಸಿವೆಯಂತಹ ಗುಂಡುಗಳ ಜೊಂಪೆ, ಅಲ್ಲಾಡಿಸಿದರೆ ಹಳದಿ ಹುಡಿ. ಬುಡ ನೋಡಿದೆ. ಗಂಟು ಇಲ್ಲ. ಗಂಡಸು! ನೀರು ಕುಡಿದು, ನೆರಳು ತಿಂದು, ಹುಡಿ ಉದುರಿಸಿಕೊಂಡು ನಿಂತಿದ್ದಾನೆ. ಬೆಕ್ಕು ಉಚ್ಚೆ ಹೊಯ್ದಂಥ ವಾಸನೆ ಬೇರೆ.

ಕೆಳಗಿನ ಮನೆಯ ಜುಬೇದಾ ಬಟ್ಟೆ ಒಣಗಿಸಲು ಬಂದಳು. ಅವಳ ಗಂಡನದು ನಮ್ಮ ಬೀದಿಯ ಕೋಲ್ಡ್ ಸ್ಟೋರ್. ಹಾಲು, ಮೊಟ್ಟೆ, ಈರುಳ್ಳಿ, ಎಲ್ಲರ ಸುದ್ದಿ ಅಲ್ಲೇ ಸಿಗುವುದು. ಉಳ್ಳಾಲದವರು, ಊರಿನ ಹಾಗೇ ಕ್ರಿಸ್ತುವ ಹೆಂಗಸಾದ ನನ್ನನ್ನು ಬಾಯಮ್ಮ ಎನ್ನುವುದು.

"ಎಂತ ಬಾಯಮ್ಮ, ಗಿಡಕ್ಕೆ ಬೈಯುವುದು?"

"ಗಂಡು ಮಾರಾಯ್ತಿ. ಬರೀ ಹುಡಿ. ಹೆದರಿಸ್ಬೇಕು. ನೀನು ಬಿಡಿಸುವವಳಾಗು."

ಈ ವಿದ್ಯೆ ಅವಳಿಗೂ ಗೊತ್ತಿತ್ತು, ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಮೀನು ಕೊಯ್ಯುವ ಕತ್ತಿ ತಂದೆ.

"ಕಡೀತೇನೆ!" ಎಂದು ಕೂಗಿದೆ. "ತಿಂದದ್ದಕ್ಕೆ ಲೆಕ್ಕ ಇಲ್ಲ, ಒಂದು ಕಾಯಿ ಇಲ್ಲ, ಬೀಜ ಇಲ್ಲ! ಇವತ್ತು ಇವನ ಕತೆ ಮುಗೀತು!"

ಜುಬೇದಾ ಒದ್ದೆ ಬೆಡ್‌ಶೀಟು ಬಿಸಾಡಿ ಗಿಡವನ್ನು ತಬ್ಬಿಕೊಂಡಳು. "ಬೇಡ ಬಾಯಮ್ಮ, ಬೇಡ! ಇವನಿಗೆ ಬುದ್ಧಿ ಬರ್ತದೆ. ನಾನು ಜಾಮೀನು!"

ಪಕ್ಕದ ತಾರಸಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ ಅರಬ್ಬಿ ಮುದುಕ ತಟ್ಟೆ ಹಿಡಿದುಕೊಂಡೇ ಕಲ್ಲಾದ. ಇಬ್ಬರು ಹೆಂಗಸರು, ಒಂದು ಕತ್ತಿ, ನಡುವೆ ಒಂದು ಗಿಡ. ಜುಬೇದಾ ಅವನಿಗೆ "ಮಾಫಿ ಮುಶ್ಕಿಲ್, ಮಾಫಿ ಮುಶ್ಕಿಲ್" ಎಂದು ಕೈ ಬೀಸಿದಳು. ತೊಂದರೆ ಏನೂ ಇಲ್ಲ ಎಂದು. ತೊಂದರೆ ಎಷ್ಟಿತ್ತೆಂದು ಆಗ ನಮಗೇ ಗೊತ್ತಿರಲಿಲ್ಲ.

ನೀವು ನಂಬಿದರೆ ನಂಬಿ. ಕೆಲವು ದಿನಗಳಲ್ಲಿ ಅದೇ ಗಿಡದ ಕೆಳಗಿನ ರೆಂಬೆಗಳಲ್ಲಿ ಬಿಳಿಯ ಕೂದಲಿನಂಥ ಎಳೆಗಳು ಹೊರಬಂದವು. ಬುಡದಲ್ಲಿ ಗಂಟು! ಮೇಲೆ ಗಂಡು ಹೂ, ಕೆಳಗೆ ಹೆಣ್ಣು ಹೂ, ಒಂದೇ ಕಾಂಡ. ಪಪ್ಪಾಯಿಯಲ್ಲಿ ಇಂಥದ್ದು ನೋಡಿದ್ದೆ, ಡಬ್ಬದ ಗಿಡದಲ್ಲಿ ನೋಡಿರಲಿಲ್ಲ. ಬಿಸಿಲಿನ ಕಾಟಕ್ಕೆ ಕೆಲವು ಗಿಡ ಹಾಗೆ ಆಗುತ್ತದೆ, ಕತ್ತಿಗಲ್ಲ ಎಂದು ಲವೀನಾ ಆಮೇಲೆ ಎಲ್ಲೋ ಓದಿ ಹೇಳಿದಳು. ಓದಲಿ. ಕತ್ತಿ ಹಿಡಿದವಳು ನಾನು. ಮತ್ತೆ ಇದರಲ್ಲಿ ಆಶ್ಚರ್ಯವೇನು? ಗಂಡ ಸತ್ತ ಮೇಲೆ ನಾನೂ ಹಾಗೇ ಆದೆ. ಹಗಲು ಗದ್ದೆಯಲ್ಲಿ ಗಂಡಸು, ಮನೆಯೊಳಗೆ ಹೆಂಗಸು. ಕಾಟ ಹೆಚ್ಚಾದರೆ ಯಾರಾದರೂ ಎರಡೂ ಆಗುತ್ತಾರೆ.

ಗಂಟಿನೊಳಗೆ ಬೀಜ ಕಟ್ಟುವ ಹೊತ್ತಿಗೆ ನೊವೆನಾ ಬಂತು, ಒಂದು ಸಂಜೆಯ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಅಂಗಡಿಯ ಹೂ ಸಾಲದೆ ನಾನು ಆ ಗಿಡದ ರೆಂಬೆಗಳನ್ನು ಮುರಿದು ಬುಟ್ಟಿಗೆ ಹಾಕಿದೆ. ಮೊದಲ ಫಲ ದೇವರಿಗೆ ಎನ್ನುವುದು ನಮ್ಮ ಪದ್ಧತಿ. ಬಂದವರೆಲ್ಲ ಹಾಡು ಹೇಳುತ್ತ ಮುಷ್ಟಿ ತುಂಬ ಬಾಲೆ ಮರಿಯಮ್ಮನ ಪಾದಕ್ಕೆ ಸುರಿದರು. ಆಮೇಲೆ ಚಹಾ ಕುಡಿಯುವಾಗ ಗಂಡು ಗಿಡವನ್ನು ನಾನು ದಾರಿಗೆ ತಂದ ಕತೆಯನ್ನು, ಸ್ವಲ್ಪ ಉಪ್ಪು ಹುಳಿ ಸೇರಿಸಿಯೇ ಹೇಳಿದೆ.

ಎಲ್ಲರೂ ನಕ್ಕರು, ಎಮಿಲಿಯಾ ನಗಲಿಲ್ಲ. ಅವಳು ಇಲ್ಲೇ ಬಹರೈನಿನ ಸನದ್‌ನಲ್ಲಿರುವ ಮಗ ಮೆಲ್ವಿನ್‌ನ ಮನೆಗೆ ಊರಿಂದ ಬಂದವಳು. ಮೆಲ್ವಿನ್ ಇಲ್ಲಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಅವನ ಹೆಂಡತಿ ಪ್ರೆಸಿಲ್ಲಾ ಮಂಗಳೂರಿನಲ್ಲಿ. ಮದುವೆಯಾಗಿ ನಾಲ್ಕೈದು ವರ್ಷ, ಮಕ್ಕಳಿಲ್ಲ. ಆ ಹುಡುಗಿಗೆ ಎಮಿಲಿಯಾ ಮಾಡಿಸದ ಹರಕೆ ಇಲ್ಲ, ಕುಡಿಸದ ಬೇರು ಇಲ್ಲ.

"ಕಾರ್ಮಿನ್," ಎಂದು ಅವಳು ನನ್ನನ್ನು ಅಡಿಗೆಮನೆಗೆ ಕರೆದಳು. "ಮರಿಯಮ್ಮನ ಪಾದದ್ದು ಒಂದು ರೆಂಬೆ ನನಗೆ ಕೊಡ್ತೀಯಾ? ಕಾಯಿ ಬಿಡದ್ದು ಬಿಟ್ಟಿತು ಅಂತ ಹೇಳಿದೆಯಲ್ಲ. ಪ್ರೆಸಿಲ್ಲಾಳ ದಿಂಬಿನ ಅಡಿಗೆ ಇಡ್ತೇನೆ."

ಬೀಜ ಕಟ್ಟಿದ ಒಳ್ಳೆಯ ರೆಂಬೆಯನ್ನೇ ಆರಿಸಿ ಕೊಟ್ಟೆ. ಅವಳು ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಮಲಗಿಸಿದಳು.

ಪ್ರಾರ್ಥನೆಯ ಸಂಜೆ ಡ್ಯೂಟಿಯಲ್ಲಿದ್ದ ಲವೀನಾಗೆ ಮರುದಿನ ರಜೆ. ಬಟ್ಟೆ ಒಣಗಿಸಲಿಕ್ಕೆಂದು, ಎಂದೂ ಬಾರದವಳು ತಾರಸಿಗೆ ಬಂದಳು. ಗಿಡ ನೋಡಿದಳು. ಬಕೆಟು ಕೆಳಗಿಟ್ಟಳು.

"ಅಮ್ಮಾ, ಇದು ಯಾರು ನೆಟ್ಟದ್ದು?"

"ಯಾರೂ ಇಲ್ಲ. ಹಕ್ಕಿ."

"ಯಾವ ಹಕ್ಕಿ?"

"ನಿನ್ನ ಮಗಳದ್ದು."

"ಇದು ಗಾಂಜಾ, ಅಮ್ಮಾ." ಅವಳು ಅತ್ತಿತ್ತ ನೋಡಿ ಸ್ವರ ತಗ್ಗಿಸಿದಳು. "ಆಸ್ಪತ್ರೆಯಲ್ಲಿ ನಮಗೆ ಚಿತ್ರ ತೋರಿಸಿದ್ದಾರೆ. ಗಾಂಜಾ!"

ಗಾಂಜಾದ ಹೊಗೆಯ ಪರಿಚಯ ನನಗಿತ್ತು. ನಮ್ಮೂರಲ್ಲಿ ಬಾವಿ ತೋಡುವ ಮುದುಕನೊಬ್ಬ ಸಂಜೆ ಹೊತ್ತು ಭಂಗಿ ಸೇದಿ, ತಾನೇ ತೋಡಿದ ಬಾವಿಗೆ ಇಣುಕಿ ಹೆಂಡತಿಯನ್ನು ಬೈಯುತ್ತಿದ್ದ. ಬಾವಿಯೂ ತಿರುಗಿ ಬೈಯುತ್ತಿತ್ತು, ಇಬ್ಬರಿಗೂ ಹೊತ್ತು ಹೋಗುತ್ತಿತ್ತು. ಗಿಡವನ್ನು ಮಾತ್ರ ನಾನು ಕಂಡದ್ದಿಲ್ಲ. ಅದಕ್ಕೆ ಮಗಳ ಮುಂದೆ ಸ್ವಲ್ಪ ಹೊತ್ತು ವಾದ ಮಾಡಿದೆ. ಹೆಸರು ಎಂತದೇ ಇರಲಿ, ಬೀಜ ಬಂತಲ್ಲ ಎಂದೆ.

"ಬೀಜ ಅಂತೆ!" ಅವಳು ತಲೆ ಚಚ್ಚಿಕೊಂಡಳು. "ಯಾರಾದರೂ ಮೇಲೆ ಬಂದು ನೋಡಿದರೆ ಮೊದಲು ಜೈಲು, ಮತ್ತೆ ವಿಮಾನ. ನನ್ನ ಕೆಲಸ, ಇವರ ಕೆಲಸ, ಮಗಳ ಶಾಲೆ, ಎಲ್ಲ ಮುಗೀತು. ಹಕ್ಕಿ ಹಾಕಿದ್ದು ಅಂತ ಪೊಲೀಸಿಗೆ ಹೇಳ್ತೀಯಾ? ಹಕ್ಕಿಯನ್ನು ಸಾಕ್ಷಿಗೆ ಕರೀತೀಯಾ?"

ವಾದವನ್ನು ಅಲ್ಲಿಗೇ ಬಿಟ್ಟೆ. ಪಾರಿವಾಳದ ಮುದುಕ ನೆನಪಾದ. ಜುಬೇದಾ ನೆನಪಾದಳು. ಪಾಪ, ಗಾಂಜಾ ಗಿಡಕ್ಕೆ ಜಾಮೀನು ನಿಂತವಳು ಇಡೀ ಗಲ್ಫಿನಲ್ಲಿ ಅವಳೊಬ್ಬಳೇ ಇರಬೇಕು.

ಮಾತಿಗೆ ಹೊತ್ತಿರಲಿಲ್ಲ. ಗಿಡವನ್ನು ಬೇರುಸಮೇತ ಕಿತ್ತು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕೆಳಗೆ ತಂದೆವು. ಸುಡುವಂತಿಲ್ಲ, ವಾಸನೆ ಬೀದಿಗೆ ಹೋಗುತ್ತದೆ. ಕಸದ ತೊಟ್ಟಿಗೆ ಹಾಕುವಂತಿಲ್ಲ, ಬೆಕ್ಕುಗಳು ಎಳೆದು ಹಾಕುತ್ತವೆ. ಬಾತ್‌ರೂಮಿನಲ್ಲಿ ಬಾಗಿಲು ಹಾಕಿ ಕೂತು, ಹರಿವೆ ಸೊಪ್ಪು ಹೆಚ್ಚಿದ ಹಾಗೆ ಸಣ್ಣಗೆ ಹೆಚ್ಚಿ, ಬ್ಲೀಚಿನ ಬಕೆಟಿಗೆ ಹಾಕಿ, ಸ್ವಲ್ಪ ಸ್ವಲ್ಪವೇ ಕಮೋಡಿಗೆ ಬಿಟ್ಟೆವು. ಮರಿಯಮ್ಮನ ಪಾದದಲ್ಲಿದ್ದದ್ದನ್ನೂ ಹೆಕ್ಕಿ ಹಾಕಿದೆವು. ಹಕ್ಕಿಯ ಕಾಳಿನಲ್ಲಿ ಈ ಬೀಜವೂ ಬೆರೆತಿರುತ್ತದಂತೆ, ಅದಕ್ಕೂ ಅದೇ ಗತಿ. ಲವ್‌ಬರ್ಡ್ಸ್ ಅಂದು ಅನ್ನ ತಿಂದವು.

"ಬೇರೆ ಎಲ್ಲಿಯೂ ಇಲ್ಲವಲ್ಲ?" ಎಂದು ಲವೀನಾ ಕೈ ತೊಳೆಯುತ್ತ ಕೇಳಿದಳು.

"ಒಂದು ರೆಂಬೆ ಎಮಿಲಿಯಾ ಕೊಂಡುಹೋದಳು."

"ಸನದ್‌ಗೆ?"

"ಊರಿಗೆ. ಇವತ್ತು ಸಂಜೆ ಅವಳ ವಿಮಾನ."

ಲವೀನಾ ಕೈ ಒರೆಸಲೂ ಇಲ್ಲ, ಕಾರಿನ ಕೀಲಿ ತೆಗೆದುಕೊಂಡಳು. ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿದರೆ ಎಮಿಲಿಯಾಳ ಗತಿ ಏನು, ಅವಳ ಬಾಯಿಂದ ಮೊದಲು ಹೊರಬೀಳುವ ಹೆಸರು ಯಾರದು ಎಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಫೋನಿನಲ್ಲಿ ಹೇಳುವ ವಿಷಯವೂ ಅಲ್ಲ. ದಾರಿಯುದ್ದಕ್ಕೂ ಮಗಳು ಒಂದೇ ಪಾಠ ಮಾಡಿದಳು. "ಆ ಶಬ್ದ ಅಲ್ಲಿ ಎತ್ತಬೇಡ. ಎಮಿಲಿಯಾ ಆಂಟಿಗೆ ಗೊತ್ತಾದರೆ ಇಗರ್ಜಿಯ ಗಂಟೆ ಬಾರಿಸಿದ ಹಾಗೆ. ಮಾತು ನಾನು ಆಡ್ತೇನೆ."

ಸನದ್‌ನ ಮನೆಯಲ್ಲಿ ಹಾಲಿನ ಪುಡಿ, ಖರ್ಜೂರದ ಡಬ್ಬಗಳ ನಡುವೆ ಎಮಿಲಿಯಾ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದಳು. ಮೆಲ್ವಿನ್ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಕೈಚೀಲ ಅವಳ ಮಡಿಲಲ್ಲಿತ್ತು.

"ಆಂಟಿ," ಎಂದಳು ಲವೀನಾ, "ನಿನ್ನೆ ಅಮ್ಮ ಕೊಟ್ಟ ರೆಂಬೆಗೆ ಹುಳ ಬಿದ್ದಿದೆ. ಕೊಡಿ, ಬೇರೆ ತರ್ತೇವೆ."

"ಪಾದ ಮುಟ್ಟಿದ್ದಕ್ಕೆ ಹುಳ ಬೀಳ್ತದಾ? ಬಿದ್ದರೂ ಬೀಳಲಿ."

"ಅದು ಅಲರ್ಜಿ ಆಂಟಿ, ಪ್ರೆಸಿಲ್ಲಾಗೆ ಆಗಲಿಕ್ಕಿಲ್ಲ..."

"ನಿನ್ನಮ್ಮನಿಗೆ ಹೊಟ್ಟೆಕಿಚ್ಚು," ಎಂದು ಎಮಿಲಿಯಾ ಚೀಲವನ್ನು ಎದೆಗೊತ್ತಿಕೊಂಡಳು. "ಕೊಟ್ಟದ್ದನ್ನು ವಾಪಸು ಕೇಳ್ಲಿಕ್ಕೆ ಮಗಳನ್ನು ಕರ್ಕೊಂಡು ಬಂದಿದ್ದಾಳೆ."

ನಯವಾದ ಸುಳ್ಳು ಹೇಳಲಿಕ್ಕೆ ಸಮಯ ಬೇಕು. ವಿಮಾನ ಕಾಯುವುದಿಲ್ಲ.

"ಎಮಿಲಿಯಾ, ಅದು ಗಾಂಜಾ," ಎಂದೆ.

ಲವೀನಾ ಕಣ್ಣು ಮುಚ್ಚಿಕೊಂಡಳು. ಮೆಲ್ವಿನ್‌ನ ಕೈಯ ಹಗ್ಗ ಬಿಟ್ಟುಹೋಯಿತು. ಎಮಿಲಿಯಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮರಿಯಮ್ಮನ ಪಾದಕ್ಕೆ ಗಾಂಜಾ ಹಾಕಿಸಿದೆಯಾ ನೀನು?"

"ಎಲ್ಲರೂ ಹಾಕಿದರು. ನೀನು ಎರಡು ಸಲ ಹಾಕಿದೆ."

"ಅಮ್ಮಾ, ಚೀಲ ಕೊಡು," ಎಂದ ಮೆಲ್ವಿನ್. ಅವನ ಹಣೆಯಲ್ಲಿ ಬೆವರು. "ಏರ್‌ಪೋರ್ಟಿನಲ್ಲಿ ಹಿಡಿದರೆ ನಿನ್ನನ್ನು ಬಿಡಿಸ್ಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ."

ಎಮಿಲಿಯಾ ಕೊಡಲಿಲ್ಲ. ಹೆದರಿದ್ದಳು, ಆದರೂ ಕೊಡಲಿಲ್ಲ. "ಎಲ್ಲ ಮಾಡಿ ಆಯ್ತು ಕಾರ್ಮಿನ್. ಡಾಕ್ಟರು ಪ್ರೆಸಿಲ್ಲಾಳಲ್ಲಿ ಏನೂ ದೋಷ ಇಲ್ಲ ಅಂತಾರೆ. ನೆಂಟರು ನನ್ನ ಮುಖ ನೋಡಿ ಕೇಳ್ತಾರೆ. ಆ ಹುಡುಗಿ ಯಾರ ಮನೆಯ ತೊಟ್ಟಿಲಿಗೂ ಹೋಗುವುದು ಬಿಟ್ಟಿದ್ದಾಳೆ. ಇದೊಂದು ಉಳಿದದ್ದು. ಗಾಂಜಾ ಆದರೆ ಏನು, ಗಂಡು ಗಿಡ ಕಾಯಿ ಬಿಟ್ಟದ್ದು ಸುಳ್ಳಾ?"

ಅವಳು ಅಳತೊಡಗಿದಳು. ನನಗೆ ಅಳುವವರ ಬೆನ್ನು ಸವರಲು ಬರುವುದಿಲ್ಲ. ನಾನು ಮೆಲ್ವಿನ್ ಕಡೆ ತಿರುಗಿದೆ.

"ನೀನು ಕೊನೆಗೆ ಊರಿಗೆ ಹೋದದ್ದು ಯಾವಾಗ?"

"ಅಪ್ಪನ ವರ್ಷದ ಪೂಜೆಗೆ, ಆಂಟಿ."

"ಎಷ್ಟು ದಿನ ಇದ್ದೆ?"

"ಒಂದು ವಾರ. ಮನೆ ತುಂಬ ನೆಂಟರು."

"ಪ್ರೆಸಿಲ್ಲಾ ಎಲ್ಲಿ ಮಲಗಿದ್ದಳು?"

ಅವನು ನೆಲ ನೋಡಿದ. "ಅಮ್ಮನ ಕೋಣೆಯಲ್ಲಿ. ಜಾಗ ಇರಲಿಲ್ಲ. ನಾನು ಚಾವಡಿಯಲ್ಲಿ, ಭಾವಂದಿರ ಒಟ್ಟಿಗೆ."

"ಅದಕ್ಕೆ ಮುಂಚೆ?"

"ರಜೆ ಇರಲಿಲ್ಲ."

"ಕೇಳಿತಾ ಎಮಿಲಿಯಾ? ಗಂಡು ಹೂ ಸನದ್‌ನಲ್ಲಿ, ಹೆಣ್ಣು ಹೂ ಮಂಗಳೂರಿನಲ್ಲಿ, ನಡುವೆ ಸಮುದ್ರ. ಎರಡೂ ಒಂದು ಮನೆಯಲ್ಲಿದ್ದಾಗ ನಡುವೆ ನೀನು. ಯಾವ ದುಂಬಿ ಬರಬೇಕು? ಅದಕ್ಕೆ ವೀಸಾ ಯಾರು ಕೊಡ್ತಾರೆ? ದಿಂಬಿನ ಅಡಿಗೆ ಎಂತ ಇಟ್ಟರೂ, ದಿಂಬಿನ ಮೇಲೆ ಒಂದೇ ತಲೆ ಇದ್ದರೆ ಮಗು ಎಲ್ಲಿಂದ?"

"ಅಮ್ಮಾ!" ಎಂದಳು ಲವೀನಾ. ಮೆಲ್ವಿನ್‌ನ ಕಿವಿ ಕೆಂಪಾಯಿತು. ಎಮಿಲಿಯಾಳ ಅಳು ಅರ್ಧದಲ್ಲೇ ನಿಂತಿತು. ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಮಗನ ಬಾಗಿದ ತಲೆಯನ್ನು ನೋಡಿದಳು. ಆಮೇಲೆ ಚೀಲದ ಜಿಪ್ಪು ತೆಗೆದು, ಪುಸ್ತಕ ಬಿಡಿಸಿ, ಬಾಡಿದ ರೆಂಬೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡಳು.

"ಆಶೀರ್ವಾದ ಆದದ್ದನ್ನು ಕಕ್ಕಸಿಗೆ ಹಾಕಬಾರದು. ಬೆಂಕಿಗೆ ಇಲ್ಲ ಮಣ್ಣಿಗೆ."

"ಬೆಂಕಿಗೆ ಹಾಕಿದರೆ ಇಡೀ ಕಟ್ಟಡ ಆಶೀರ್ವಾದ ತಗೊಳ್ತದೆ," ಎಂದೆ. "ಮಣ್ಣಿಗೆ ಹಾಕಿದರೆ ಬೀಜ ಉಂಟು, ಮತ್ತೆ ಹುಟ್ತದೆ. ನೀರಿಗೆ ಬಿಡುವುದೂ ಪದ್ಧತಿಯೇ. ಕಮೋಡಿನಲ್ಲಿ ಇರುವುದೂ ನೀರೇ."

ಮೆಲ್ವಿನ್ ರೆಂಬೆ ತೆಗೆದುಕೊಂಡು ಒಳಗೆ ಹೋದ. ಎಮಿಲಿಯಾ ಬಾತ್‌ರೂಮಿನ ಬಾಗಿಲ ಹೊರಗೆ ಸೀರೆಯ ಸೆರಗು ತಲೆಗೆ ಹೊದ್ದು "ನಮೋ ಮರಿಯಾ" ಹೇಳತೊಡಗಿದಳು. ನೀರಿನ ಸದ್ದಾಯಿತು.

"ತೇಲಿ ಬಂತು," ಎಂದ ಅವನು ಒಳಗಿಂದ.

"ತುಂಡು ಮಾಡು ಮಾರಾಯ!" ಎಂದು ಕೂಗಿದೆ. ಎಮಿಲಿಯಾ ಸ್ವರ ಏರಿಸಿ ಪ್ರಾರ್ಥನೆಯನ್ನು ಮತ್ತೆ ಮೊದಲಿಂದ ಹೇಳಿದಳು. ಮತ್ತೆ ನೀರಿನ ಸದ್ದು. ಈ ಸಲ ಹೋಯಿತು.

ಅವನು ಕೈ ತೊಳೆದು ಹೊರಬಂದು ಪೆಟ್ಟಿಗೆ ಎತ್ತಿಕೊಂಡ. ಹೊರಡುವ ಹೊತ್ತು ಮೀರುತ್ತಿತ್ತು. ಎಮಿಲಿಯಾ ಮಾತ್ರ ಬಾಗಿಲಲ್ಲಿ ಅಡ್ಡ ನಿಂತಳು.

"ಮೆಲ್ವಿನ್, ನಿನ್ನ ಪಾಸ್‌ಪೋರ್ಟ್ ಎಲ್ಲಿ ಉಂಟು?"

"ಕಪಾಟಿನಲ್ಲಿ. ಯಾಕಮ್ಮಾ?"

"ತೆಗಿ. ಕ್ರಿಸ್ಮಸ್‌ಗೆ ರಜೆ ಕೇಳು, ಕೊಡದಿದ್ದರೆ ಮತ್ತೆ ಕೇಳು. ನೀನು ಬಂದಾಗ ನಾನು ತಂಗಿಯ ಮನೆಗೆ ಹೋಗಿ ಇರ್ತೇನೆ."